ಆ ಸಾಲಿನ ಪಕ್ಕ ಯಾರ ಹೆಸರಿದೆ?

ತಂಡವಾಗಿ ಸಾಫ್ಟ್‌ವೇರ್ ಬರೆಯುವವರಿಗೆ ಗಿಟ್ ಗೊತ್ತಿಲ್ಲದೆ ಇರೋದಿಲ್ಲ. ಯಾವ ಫೈಲನ್ನು ಯಾರು, ಯಾವಾಗ, ಹೇಗೆ ಬದಲಾಯಿಸಿದರು ಅನ್ನೋದನ್ನೆಲ್ಲ ನೆನಪಿಟ್ಟುಕೊಳ್ಳುವ ಸಾಧನ ಅದು. ಅದರಲ್ಲಿ ‘ಬ್ಲೇಮ್’ ಅಂತ ಒಂದು ಕಮಾಂಡ್ ಇದೆ. ಕೊಟ್ಟರೆ ಫೈಲಿನ ಒಂದೊಂದು ಸಾಲಿನ ಪಕ್ಕದಲ್ಲೂ ಒಬ್ಬರ ಹೆಸರು, ಒಂದು ತಾರೀಕು ಮೂಡುತ್ತೆ. ಬ್ಲೇಮ್ ಅಂದ್ರೆ ತಪ್ಪು ಹೊರಿಸೋದು ತಾನೇ? ಹಾಗಾಗಿ ಅಲ್ಲಿ ಕಂಡ ಹೆಸರನ್ನೇ ತಪ್ಪಿತಸ್ಥರ ಹೆಸರು ಅಂತ ಓದಿಬಿಡೋದು ಬಹಳ ಸುಲಭ. ಗಿಟ್‌ಗಿಂತ ಮೊದಲೇ ಬಂದ ಸಬ್‌ವರ್ಶನ್‌ನಲ್ಲಿ ಇದೇ ಕಮಾಂಡಿಗೆ ‘ಪ್ರೇಸ್’, ಅಂದರೆ ಹೊಗಳಿಕೆ, ಅಂತ ಇನ್ನೊಂದು ಹೆಸರೂ ಇದೆ. ಅದನ್ನು ಬಳಸಿದವರನ್ನು ನಾನಂತೂ ನೋಡಿಲ್ಲ.

ಈ ಹೆಸರಿನ ಭಾರ ಎಷ್ಟು ಅಂತ ನನಗೆ ಗೊತ್ತಾಗಿದ್ದು ಹಿಂದಿನ ಕೆಲಸದಲ್ಲಿ. ನಾವು ಏಳು ಜನ, ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಒಂದು ಶುಕ್ರವಾರ ಸಂಜೆ ಗ್ರಾಹಕರಿಂದ ದೂರು ಬಂತು: ರಿಯಾಯಿತಿ ಕೊಟ್ಟ ಬಿಲ್ಲುಗಳಲ್ಲಿ ಕೆಲವೊಮ್ಮೆ ಒಂದು ರೂಪಾಯಿ ವ್ಯತ್ಯಾಸ. ಹುಡುಕಿದಾಗ, ತೆರಿಗೆ ಸೇರಿಸುವ ಮೊದಲೇ ಮೊತ್ತವನ್ನು ರೌಂಡ್ ಆಫ್ ಮಾಡುವ ಸಾಲೊಂದು ಸಿಕ್ಕಿತು. ಬ್ಲೇಮ್ ಹಾಕಿದರೆ ಅದರ ಪಕ್ಕ ಇದ್ದದ್ದು ತಂಡದ ಅತಿ ಕಿರಿಯ ಹುಡುಗಿಯ ಹೆಸರು. ಸೇರಿ ಐದು ತಿಂಗಳಾಗಿತ್ತು, ಮುಂದಿನ ತಿಂಗಳು ಪ್ರೊಬೇಷನ್ ಮುಗಿಯಬೇಕಿತ್ತು.

“ಇದು ನಿಂದೇ ಅಲ್ವಾ?” ಕಾಲ್‌ನಲ್ಲಿ ಎಲ್ಲರೆದುರಿಗೇ ಲೀಡ್ ಕೇಳಿದರು.

“ಹೌದು ಸರ್, ನನ್ ಹೆಸ್ರೇ ತೋರಿಸ್ತಿದೆ” ಅಂದಳು. ತಾನು ಮಾಡಿದ್ದೋ ಇಲ್ಲವೋ ಅವಳಿಗೇ ನೆನಪಿರಲಿಲ್ಲ. ಪರದೆಯ ಮೇಲೆ ಹೆಸರಿದ್ದ ಮೇಲೆ ಮಾಡಿರಲೇಬೇಕು ಅಂದುಕೊಂಡುಬಿಟ್ಟಿದ್ದಳು.

ನನಗೆ ಅನುಮಾನ ಬಂತು. ಆ ಒಂದು ಸಾಲಿಗಲ್ಲ, ಇಡೀ ಫೈಲಿಗೇ ಅವಳ ಹೆಸರು, ಒಂದೇ ತಾರೀಕು. ಹೊಸದಾಗಿ ಸೇರಿದವಳು ಒಂದೇ ದಿನದಲ್ಲಿ ಸಾವಿರ ಸಾಲು ಬರೆದಿರೋಕೆ ಸಾಧ್ಯವಾ? “ಸರ್, ಒಂದ್ನಿಮಿಷ, ಸ್ಪೇಸ್ ಬದಲಾಗಿದ್ದನ್ನ ಬಿಟ್ಟು ನೋಡೋಣ” ಅಂದೆ. ಬ್ಲೇಮ್ ಜೊತೆ ‘ಮೈನಸ್ ಡಬ್ಲ್ಯೂ’ ಅಂತ ಕೊಟ್ಟರೆ, ಬರೀ ಸ್ಪೇಸ್, ಟ್ಯಾಬ್ ಬದಲಾದದ್ದನ್ನು ಗಿಟ್ ಲೆಕ್ಕಕ್ಕೆ ತಗೊಳ್ಳಲ್ಲ. ಹೆಸರುಗಳು ತಟಕ್ಕನೆ ಬದಲಾದವು. ಅವಳು ಮಾಡಿದ್ದು ಟ್ಯಾಬ್ ತೆಗೆದು ಸ್ಪೇಸ್ ಹಾಕಿ ಫೈಲನ್ನು ಓರಣ ಮಾಡಿದ ಕೆಲಸ ಮಾತ್ರ. ಅದನ್ನು ಮಾಡು ಅಂತ ಹೇಳಿದ್ದೂ ತಂಡವೇ. ರೌಂಡ್ ಆಫ್ ಸಾಲು ಬರೆದವರು ಅವಳು ಸೇರೋಕೆ ಮೊದಲೇ ಕೆಲಸ ಬಿಟ್ಟು ಹೋಗಿದ್ದರು.

ಕಾಲ್‌ನಲ್ಲಿ ಒಂದು ಕ್ಷಣ ಮೌನ. ಆಮೇಲೆ ಎಲ್ಲರ ಬಾಯಲ್ಲೂ ಆ ಬಿಟ್ಟು ಹೋದವರ ಹೆಸರು. ಹೊರೆ ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹೋಯಿತು ಅಷ್ಟೆ. ಅವರ ಕಮಿಟ್ ತೆರೆದು ನೋಡಿದರೆ ಸಂದೇಶದ ಜಾಗದಲ್ಲಿ ಇದ್ದದ್ದು ಒಂದೇ ಪದ: ‘ಫಿಕ್ಸ್’. ಏನನ್ನು ಸರಿ ಮಾಡಿದ್ದು? ಯಾರು ಕೇಳಿದ್ದಕ್ಕೆ? ಸುಳಿವೇ ಇಲ್ಲ. ತೆಗೆದರೆ ಇನ್ನೇನು ಕೆಡುತ್ತೋ ಅಂತ ಆ ಸಾಲನ್ನು ಮುಟ್ಟೋಕೆ ಯಾರಿಗೂ ಧೈರ್ಯ ಬರಲಿಲ್ಲ.

ಸೋಮವಾರ ಗ್ರಾಹಕರನ್ನೇ ಕೇಳಿದಾಗ ವಿಷಯ ಬಿಚ್ಚಿಕೊಂಡಿತು. ಚಿಲ್ಲರೆ ಕೊಡೋಕೆ ಕಷ್ಟ ಅಂತ ಹಿಂದೆ ಅವರೇ ಹೇಳಿ ಮಾಡಿಸಿಕೊಂಡಿದ್ದು ಅದು. ಆಗ ಸಾಫ್ಟ್‌ವೇರ್‌ನಲ್ಲಿ ರಿಯಾಯಿತಿಯ ಸೌಲಭ್ಯವೇ ಇರಲಿಲ್ಲ. ಬರೆದ ದಿನ ಸರಿಯಾಗೇ ಇದ್ದ ಸಾಲು, ಆಮೇಲೆ ಬಂದ ರಿಯಾಯಿತಿ ಲೆಕ್ಕದ ಜೊತೆ ಸೇರಿ ತಪ್ಪಾಯ್ತು. ನಾವು ಹುಡುಕುತ್ತಿದ್ದ ‘ತಪ್ಪಿತಸ್ಥರು’ ಇರಲೇ ಇಲ್ಲ. ಹುಡುಗಿಯ ಪ್ರೊಬೇಷನ್ ಸಲೀಸಾಗಿ ಮುಗೀತು. ಆದರೆ ಅವತ್ತು ಯಾರೂ ಅನುಮಾನ ಪಡದಿದ್ದರೆ, ತಾನು ಮಾಡದ ತಪ್ಪನ್ನು ತಾನೇ ಒಪ್ಪಿಕೊಂಡು ಸುಮ್ಮನಾಗಿರುತ್ತಿದ್ದಳು.

ಬ್ಲೇಮ್ ಹೇಳೋದು ಇಷ್ಟೇ: ಈ ಸಾಲನ್ನು ಕೊನೆಗೆ ಮುಟ್ಟಿದವರು ಯಾರು. ಯಾಕೆ ಮುಟ್ಟಿದರು ಅನ್ನೋದನ್ನು ಮನುಷ್ಯರೇ ಬರೆಯಬೇಕು. ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಗಿಟ್ ಶುರು ಮಾಡಿದ್ದು ಲಿನಕ್ಸ್ ಕರ್ನಲ್‌ಗಾಗಿ. ಅದುವರೆಗೆ ಬಳಸುತ್ತಿದ್ದ ಬಿಟ್‌ಕೀಪರ್ ಉಚಿತವಾಗಿ ಸಿಗೋದು ನಿಂತುಹೋಗಿತ್ತು. ಕರ್ನಲ್ ಬರೆಯುವವರು ಬೇರೆ ಬೇರೆ ದೇಶಗಳ ಜನ, ಎಷ್ಟೋ ಮಂದಿ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಪಕ್ಕದ ಸೀಟಿಗೆ ಹೋಗಿ “ಇದ್ಯಾಕ್ ಹೀಗೆ?” ಅಂತ ಕೇಳೋ ಹಾಗಿಲ್ಲ. ಬದಲಾವಣೆಯ ಜೊತೆಗೇ ಅದರ ಕಾರಣವೂ ಪ್ರಯಾಣ ಮಾಡಬೇಕು. ನಾವು ಒಂದೇ ಆಫೀಸಿನಲ್ಲಿ ಕೂತು, ಒಟ್ಟಿಗೆ ಕಾಫಿ ಕುಡಿಯುವವರು ಈ ಶಿಸ್ತು ನಮಗೆ ಬೇಡ ಅಂದುಕೊಳ್ತೀವಿ. ಎರಡು ವರ್ಷದಲ್ಲಿ ಪಕ್ಕದ ಸೀಟೇ ಖಾಲಿಯಾಗುತ್ತೆ ಅನ್ನೋದು ಮರೆತುಹೋಗುತ್ತೆ.

ಆಮೇಲೆ ನಮ್ಮ ತಂಡ ಮೂರು ಪದ್ಧತಿ ಹಾಕಿಕೊಂಡಿತು. ಒಂದು, ಓರಣ ಮಾಡುವ ಕೆಲಸವನ್ನು ಬೇರೆಯದೇ ಕಮಿಟ್ ಆಗಿ ಹಾಕೋದು, ಲೆಕ್ಕದ ಬದಲಾವಣೆ ಜೊತೆ ಬೆರೆಸಬಾರದು. ಅಂಥ ಕಮಿಟ್‌ಗಳ ಸಂಖ್ಯೆಗಳನ್ನು ಒಂದು ಫೈಲಿನಲ್ಲಿ ಪಟ್ಟಿ ಮಾಡಿಟ್ಟು ತೋರಿಸಿದರೆ, ಬ್ಲೇಮ್ ಅವುಗಳನ್ನು ದಾಟಿ ಹಿಂದಿನವರನ್ನು ತೋರಿಸುತ್ತೆ. 2019ರ ಆಗಸ್ಟ್‌ನಲ್ಲಿ ಬಂದ ಗಿಟ್ 2.23ರಿಂದ ಈ ಅನುಕೂಲ ಇದೆ. ನಮ್ಮ ಪಟ್ಟಿಯ ಮೊದಲ ಸಂಖ್ಯೆ ಆ ಹುಡುಗಿಯ ಕಮಿಟ್‌ನದು, ಅದನ್ನು ಬರೆದವಳೂ ಅವಳೇ.

ಎರಡು, ಸಂದೇಶದ ಮೊದಲ ಸಾಲಿನಲ್ಲಿ ಏನು ಮಾಡಿದ್ದು, ಕೆಳಗೆ ಯಾಕೆ ಮಾಡಿದ್ದು, ಯಾರು ಕೇಳಿದ್ದು. ‘ಫಿಕ್ಸ್’ ಅಂತ ಮಾತ್ರ ಇದ್ದರೆ ರಿವ್ಯೂ ಮಾಡುವವರು ಒಪ್ಪೋದಿಲ್ಲ.

ಮೂರು, ಎಲ್ಲರೂ ಬಳಸುವ ಬ್ರಾಂಚಿಗೆ ಒಮ್ಮೆ ಹೋದದ್ದನ್ನು ಗುಟ್ಟಾಗಿ ಅಳಿಸಿ ಫೋರ್ಸ್ ಪುಶ್ ಮಾಡೋ ಹಾಗಿಲ್ಲ, ರಿವರ್ಟ್ ಮಾಡಬೇಕು. ಲೆಕ್ಕ ಬರೆಯುವವರು ಕಿರ್ದಿಯಲ್ಲಿ ತಪ್ಪಾದ ನಮೂದನ್ನು ಕೆರೆದು ಹಾಕೋದಿಲ್ಲ, ಅದಕ್ಕೆ ಎದುರು ನಮೂದು ಬರೆದು ಸರಿದೂಗಿಸುತ್ತಾರೆ. ಇದೂ ಹಾಗೇ. ತಪ್ಪೂ ಉಳಿಯುತ್ತೆ, ತಿದ್ದಿದ್ದೂ ಉಳಿಯುತ್ತೆ. ತಿದ್ದೋದಕ್ಕೆ ನಾಚಿಕೆಪಡಬೇಕಾಗಿಲ್ಲ ಅಂತ ಹೊಸಬರಿಗೂ ಗೊತ್ತಾಗುತ್ತೆ.

ಬಿಡುವಾದಾಗ ನಿಮ್ಮ ತಂಡದ ಕೊನೆಯ ಇಪ್ಪತ್ತು ಕಮಿಟ್ ಸಂದೇಶಗಳನ್ನು ಓದಿ ನೋಡಿ. ‘ಫಿಕ್ಸ್’, ‘ಅಪ್‌ಡೇಟ್’, ‘ಚೇಂಜಸ್’ ಅಂತ ಎಷ್ಟಿವೆ ಎಣಿಸಿ. ನೀವು ಆ ಕಂಪನಿ ಬಿಟ್ಟು ಎಷ್ಟೋ ದಿನಗಳಾದ ಮೇಲೆ ಒಂದು ಶುಕ್ರವಾರ ಸಂಜೆ ಯಾರೋ ನಿಮ್ಮ ಸಾಲಿನ ಮೇಲೆ ಬ್ಲೇಮ್ ಹಾಕುತ್ತಾರೆ. ಆಗ ನಿಮ್ಮ ಪರವಾಗಿ ಮಾತಾಡೋಕೆ ಅಲ್ಲಿರೋದು ನೀವು ಬರೆದಿಟ್ಟ ಆ ಎರಡು ಮೂರು ಸಾಲು ಮಾತ್ರ.