ಅಮೀನರು ಮುಟ್ಟದೆ ಹೋದ ಪಾತ್ರೆಗಳು

ನಮ್ಮ ಮನೆಯ ಅಡುಗೆಕೋಣೆಯ ನಾಗಂದಿಗೆಯ ಮೇಲೆ ಒಂದು ಕಂಚಿನ ಉರುಳಿಯಿದೆ. ಈಗ ಅದರಲ್ಲಿ ಪಾಯಸ ಮಾಡುವವರಿಲ್ಲ. ಆದರೂ ವರ್ಷಕ್ಕೊಮ್ಮೆ ಹುಣಸೆಹುಳಿ ಹಾಕಿ ತಿಕ್ಕಿ ತೊಳೆದು ಮತ್ತೆ ಅಲ್ಲಿಯೇ ಇಡುತ್ತೇವೆ. 1958ರ ಮಳೆಗಾಲದ ಒಂದು ಮುಂಜಾನೆ ಕೋರ್ಟಿನ ಅಮೀನರು ನಮ್ಮ ಮನೆಗೆ ಜಪ್ತಿಗೆ ಬಂದು ಹೋದ ಮೇಲೆ ಉಳಿದ ಪಾತ್ರೆಗಳಲ್ಲಿ ಅದೂ ಒಂದು.

ನನಗೆ ಆಗ ಎಂಟು ವರ್ಷ. ಕಾಸರಗೋಡು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿ ಎರಡು ವರ್ಷವೂ ತುಂಬಿರಲಿಲ್ಲ. ತಂದೆಯವರು ಬಂದ್ಯೋಡಿನಲ್ಲಿ ಸಣ್ಣದೊಂದು ಜೀನಸಿನ ಅಂಗಡಿ ಇಟ್ಟಿದ್ದರು. ಕಡ ಕೇಳಿದವರಿಗೆ ಇಲ್ಲವೆನ್ನಲು ಅವರಿಗೆ ಬರುತ್ತಿರಲಿಲ್ಲ. ಕೊಟ್ಟ ಕಡವನ್ನು ಕೇಳಿ ವಸೂಲು ಮಾಡಲೂ ಬರುತ್ತಿರಲಿಲ್ಲ. ಮಂಗಳೂರಿನ ಸಗಟು ವ್ಯಾಪಾರಿಗಳ ಬಾಕಿ ಬೆಳೆಯಿತು, ದಾವೆಯಾಯಿತು, ಡಿಕ್ರಿಯಾಯಿತು. ಅಮೀನರು ಅಂಗಡಿಯ ತಕ್ಕಡಿ, ಗೋಣಿಗಳು, ಚಾವಡಿಯ ಬೀಟೆಮರದ ಪೆಟ್ಟಿಗೆ ಎಲ್ಲವನ್ನೂ ಪಟ್ಟಿಯಲ್ಲಿ ಬರೆದುಕೊಂಡರು. ಕೊನೆಗೆ ಅಡುಗೆಕೋಣೆಯ ಬಾಗಿಲಲ್ಲಿ ನಿಂತು ಒಳಗೆ ನೋಡಿದರು. ಅಮ್ಮ ತಾನೇ ಉರುಳಿಯನ್ನು ತಂದು ಅವರ ಮುಂದಿಟ್ಟಳು. ಅವರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, "ಒಳಗಿಡಿ ಅಮ್ಮಾ. ಅಟ್ಟು ಉಣ್ಣುವ ಪಾತ್ರೆ, ಮಲಗುವ ಚಾಪೆ, ಕುತ್ತಿಗೆಯ ತಾಳಿ ಇವಕ್ಕೆಲ್ಲ ನಾವು ಕೈಹಾಕುವ ಹಾಗಿಲ್ಲ" ಎಂದರು.

ಆ ಮಾತು ಅಮೀನರ ಕರುಣೆಯೆಂದೇ ನಾನು ಬಹುಕಾಲ ತಿಳಿದಿದ್ದೆ. ಅದು ಕಾನೂನೆಂದು ತಿಳಿದದ್ದು ತೀರ ಈಚೆಗೆ.

ಆ ಬಳಿಕ ತಂದೆಯವರು ದಿವಾಳಿ ಅರ್ಜಿ ಹಾಕಿದರು. ನಮ್ಮ ಕಡೆ ಅದನ್ನು 'ಪಾಪರಾಗುವುದು' ಎನ್ನುತ್ತಿದ್ದರು. ಶಾಲೆಯಲ್ಲಿ ನಾನು 'ಪಾಪರಿನ ಮಗ'ನಾದೆ. ತಂದೆಯವರು ಮುಂದೆ ಲೆಕ್ಕ ಬರೆದು, ತೋಟದ ಕೆಲಸ ನೋಡಿಕೊಂಡು ನಮ್ಮನ್ನು ಓದಿಸಿದರು. ಆದರೆ ಬದುಕಿರುವಷ್ಟು ಕಾಲ ಬ್ಯಾಂಕಿನ ಮೆಟ್ಟಿಲು ಹತ್ತಲಿಲ್ಲ. ನೆರೆಮನೆಗೆ ಪಿಗ್ಮಿ ಸಂಗ್ರಹಕ್ಕೆ ಏಜೆಂಟರು ಬಂದರೆ ಇವರು ಹಿತ್ತಿಲಿಗೆ ಹೋಗಿಬಿಡುತ್ತಿದ್ದರು. ದುಡಿದ ಹಣವೆಲ್ಲ ಅಮ್ಮನ ಸಾಸಿವೆ ಡಬ್ಬದಲ್ಲಿರುತ್ತಿತ್ತು. ಕೆನರಾ ಬ್ಯಾಂಕು, ಕಾರ್ಪೊರೇಷನ್ ಬ್ಯಾಂಕುಗಳು 1906ರಲ್ಲಿ, ಕರ್ಣಾಟಕ ಬ್ಯಾಂಕು 1924ರಲ್ಲಿ, ಸಿಂಡಿಕೇಟ್ ಬ್ಯಾಂಕು 1925ರಲ್ಲಿ ಹುಟ್ಟಿದ್ದು ನಮ್ಮ ಅವಿಭಜಿತ ದಕ್ಷಿಣ ಕನ್ನಡದ ನೆಲದಲ್ಲಿ. ದಿನಕ್ಕೆ ಎರಡಾಣೆ ಉಳಿಸುವವನ ಮನೆಬಾಗಿಲಿಗೂ ಬ್ಯಾಂಕು ಬರಲೆಂದು ಪಿಗ್ಮಿ ಠೇವಣಿ ಆರಂಭವಾದದ್ದು 1928ರಲ್ಲಿ. ಬ್ಯಾಂಕುಗಳ ತವರೆನಿಸಿದ ಈ ಜಿಲ್ಲೆಯಲ್ಲಿ ಹುಟ್ಟಿದವರೊಬ್ಬರು, ಒಮ್ಮೆ ಸೋತ ನಾಚಿಕೆಗೆ, ಸಾಸಿವೆ ಡಬ್ಬವನ್ನೇ ನಂಬಿ ಬಾಳಿದರು.

ಅರವತ್ತು ವರ್ಷಗಳ ಮೇಲೆ ಅದೇ ನಾಚಿಕೆ ಇನ್ನೊಂದು ಮುಖ ಹೊತ್ತು ನನ್ನ ಜಗಲಿಗೆ ಬಂತು.

ಅವನು ನನ್ನ ಹಳೆಯ ವಿದ್ಯಾರ್ಥಿ. ಸರಳಬಡ್ಡಿ, ಚಕ್ರಬಡ್ಡಿಯ ಲೆಕ್ಕಗಳಲ್ಲಿ ತರಗತಿಗೇ ಮೊದಲಿಗ. ಹತ್ತು ವರ್ಷ ಗಲ್ಫಿನಲ್ಲಿ ದುಡಿದು ಬಂದು, ಹೆದ್ದಾರಿಯ ಬದಿಯಲ್ಲಿ ಬಾಡಿಗೆಯ ಕೋಣೆ ಹಿಡಿದು ಪೈಂಟು, ಹಾರ್ಡ್‌ವೇರ್ ಅಂಗಡಿ ತೆರೆದ. 2017ರಲ್ಲಿ ಬ್ಯಾಂಕಿನಿಂದ ನಾಲ್ಕು ಲಕ್ಷ ರೂಪಾಯಿ ಸಾಲ ಪಡೆಯುವಾಗ ಜಾಮೀನು ಸಹಿ ಹಾಕಿದವನು ನಾನು. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿತು. ಮಂಗಳೂರಿನಿಂದ ಬರುವ ಸರಕು ನಿಂತಿತು. ಆಮೇಲೆ ಹೆದ್ದಾರಿಯ ಅಗಲೀಕರಣಕ್ಕೆ ಆ ಕಟ್ಟಡವೇ ಹೋಯಿತು. ಕಂತುಗಳು ತಪ್ಪಿದವು. ಅವನಿಗೆ ಬಂದ ನೋಟೀಸಿನ ಪ್ರತಿ ನನಗೂ ಬಂತು. ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಎಂಬುದನ್ನು ಸಹಿ ಹಾಕುವ ಮುನ್ನ ಓದಬೇಕಾಗಿದ್ದ ನಾನು, ನೋಟೀಸು ಬಂದ ಮೇಲೆ ಓದಿದೆ.

2022ರಲ್ಲಿ ಒಂದು ಸಂಜೆ ಬಂದವನು ಬಹಳ ಹೊತ್ತು ತಲೆತಗ್ಗಿಸಿ ಕುಳಿತಿದ್ದ.

"ಮಾಷ್ಟ್ರೇ, ಮಂಗಳೂರಿನ ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿದೆ. ಮೊದಲ ತಿಂಗಳ ಸಂಬಳ ಖಾತೆಗೆ ಬಿತ್ತು. ಸಂಜೆ ಅಕ್ಕಿಗೆಂದು ತೆಗೆಯಲು ಹೋದರೆ ಒಂದು ರೂಪಾಯಿಯೂ ಇಲ್ಲ. ಸಾಲದ ಬಾಕಿಗೆ ವಜಾ ಆಗಿದೆ."

"ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆಯಬಹುದಲ್ಲ?"

"ನನಗೆ ಯಾರು ಕೊಡುತ್ತಾರೆ ಮಾಷ್ಟ್ರೇ? ಸಿಬಿಲಿನಲ್ಲಿ ನನ್ನ ಹೆಸರು ಕೆಟ್ಟುಹೋಗಿದೆ. ಖಾತೆ ಇಲ್ಲದಿದ್ದರೆ ಕೆಲಸವೂ ಇಲ್ಲ ಎಂದು ಧಣಿಗಳು ಹೇಳಿದ್ದಾರೆ."

ತಂದೆಯವರು ಹಿತ್ತಿಲಿಗೆ ಹೋಗುತ್ತಿದ್ದ ದೃಶ್ಯ ಕಣ್ಣಮುಂದೆ ಬಂತು. ಬಡ್ಡಿಯ ಲೆಕ್ಕವನ್ನು ಕರಿಹಲಗೆಯ ಮೇಲೆ ಮೂವತ್ತು ವರ್ಷ ಕಲಿಸಿದವನು ನಾನು. ಅಸಲೂ ಬಡ್ಡಿಯೂ ಕಟ್ಟಲಾಗದ ದಿನ ಮನುಷ್ಯ ಏನು ಮಾಡಬೇಕೆಂದು ಒಂದು ದಿನವೂ ಹೇಳಿಕೊಟ್ಟಿರಲಿಲ್ಲ.

ಮರುದಿನದಿಂದ ನನ್ನ ಓದು ಆರಂಭವಾಯಿತು. ಪರಿಚಯದ ವಕೀಲರೊಬ್ಬರು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮನ್ನು ತೋರಿಸಿದರು. ಅಮೀನರ ಮಾತು ಅಕ್ಷರಶಃ ಅಲ್ಲಿತ್ತು: ಸಾಲಗಾರನ, ಅವನ ಹೆಂಡತಿ ಮಕ್ಕಳ ಅಗತ್ಯದ ಉಡುಪು, ಅಡುಗೆಯ ಪಾತ್ರೆ, ಹಾಸಿಗೆ, ಧಾರ್ಮಿಕ ರೂಢಿಯಂತೆ ಹೆಂಗಸು ಕಳಚಬಾರದ ಒಡವೆ, ಕುಶಲಕರ್ಮಿಯ ಹತ್ಯಾರು, ರೈತನ ಉಳುವ ಎತ್ತು ಮತ್ತು ಬಿತ್ತನೆಯ ಬೀಜ ಜಪ್ತಿಗೆ ಒಳಪಡುವುದಿಲ್ಲ. ಸಂಬಳದಲ್ಲಿಯೂ ಮೊದಲ ಸಾವಿರ ರೂಪಾಯಿ ಮತ್ತು ಉಳಿದುದರ ಮೂರನೆಯ ಎರಡು ಭಾಗವನ್ನು ಸಾಮಾನ್ಯ ಸಾಲದ ಡಿಕ್ರಿಗೆ ಜಪ್ತಿ ಮಾಡುವಂತಿಲ್ಲ. 1920ರ ದಿವಾಳಿ ಕಾಯಿದೆಯೂ ಈ ವಸ್ತುಗಳನ್ನು ದಿವಾಳಿಯಾದವನಿಗೇ ಬಿಡುತ್ತದೆ. ಸೋತವನೂ ನಾಳೆ ಅಟ್ಟು ಉಣ್ಣಬೇಕು, ದುಡಿಯಬೇಕು ಎಂಬ ವಿವೇಕ ಅದರಲ್ಲಿದೆ. ಆದರೆ ಕೋರ್ಟಿನ ಜಪ್ತಿಗಿರುವ ಈ ಕಟ್ಟುಪಾಡು ಸಾಲ ಕೊಟ್ಟ ಬ್ಯಾಂಕು ತನ್ನಲ್ಲಿಯೇ ಇರುವ ಖಾತೆಯಿಂದ ಬಾಕಿಯನ್ನು ವಜಾ ಮಾಡಿಕೊಳ್ಳುವಾಗ ನೆರವಿಗೆ ಬರಲಿಲ್ಲ. ಅಂದಿನ ಉರುಳಿಯ ಸ್ಥಾನದಲ್ಲಿ ಇಂದು ಬ್ಯಾಂಕಿನ ಖಾತೆಯಿದೆ. ಕೂಲಿ, ಸಂಬಳ, ವಿಧವಾ ಪಿಂಚಣಿ, ಗ್ಯಾಸಿನ ಸಬ್ಸಿಡಿ ಎಲ್ಲವೂ ಅದರ ಮೂಲಕವೇ ಬರಬೇಕಲ್ಲ!

ರಿಸರ್ವ್ ಬ್ಯಾಂಕಿನ 2012ರ ಆಗಸ್ಟ್ ತಿಂಗಳ ಸುತ್ತೋಲೆಯೊಂದು ಆ ಓದಿನಲ್ಲಿಯೇ ಸಿಕ್ಕಿತು. ಜನರು 'ಝೀರೋ ಬ್ಯಾಲೆನ್ಸ್ ಖಾತೆ' ಎಂದು ಕರೆಯುವ ಮೂಲ ಉಳಿತಾಯ ಖಾತೆಯ ವಿಚಾರ ಅದರಲ್ಲಿದೆ. ಅದು ಎಲ್ಲರಿಗೂ ದೊರೆಯಬೇಕಾದ ಸಾಮಾನ್ಯ ಸೇವೆ. ಕನಿಷ್ಠ ಮೊತ್ತ ಇಡಬೇಕಾಗಿಲ್ಲ, ಆದಾಯದ ಷರತ್ತಿಲ್ಲ. ಪಾಸ್‌ಬುಕ್ಕಿಗೂ ಎಟಿಎಂ ಕಾರ್ಡಿಗೂ ಶುಲ್ಕವಿಲ್ಲ. ತಿಂಗಳಿಗೆ ನಾಲ್ಕು ಬಾರಿ ಖರ್ಚಿಲ್ಲದೆ ಹಣ ತೆಗೆಯಬಹುದು. ಅದೇ ಬ್ಯಾಂಕಿನಲ್ಲಿ ಮತ್ತೊಂದು ಉಳಿತಾಯ ಖಾತೆ ಇರಬಾರದು, ಅಷ್ಟೆ. ಸಾಲ ಬಾಕಿಯಿರುವವನಿಗೆ ಕೊಡಬಾರದೆಂಬ ಮಾತು ಅದರಲ್ಲೆಲ್ಲಿಯೂ ಕಾಣಲಿಲ್ಲ. ಖಾತೆಯೆಂದರೆ ಸಾಲವಲ್ಲವಲ್ಲ, ಅವನ ಹಣವನ್ನು ಅವನೇ ಇಡುವುದು.

ಮನೆಯಲ್ಲಿ ಇದನ್ನು ಹೇಳಿದಾಗ ನನ್ನಾಕೆ ಕೇಳಿದಳು: "ಅವನ ಸಂಬಳ ಬೇರೆ ಬ್ಯಾಂಕಿಗೆ ಹೋದರೆ ಆ ಬಾಕಿ ಯಾರ ತಲೆಗೆ? ನಿಮ್ಮ ಪಿಂಚಣಿಗೆ ತಾನೇ?"

ಆ ಪ್ರಶ್ನೆ ನ್ಯಾಯವಾದದ್ದೇ. ಅವನ ಸಂಬಳವೆಲ್ಲ ಸಾಲಕ್ಕೆ ಜಮೆಯಾಗುತ್ತ ಹೋದರೆ ನನ್ನ ಹೊಣೆ ಕಡಿಮೆಯಾಗುತ್ತಿತ್ತು. ಎರಡು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಸಾಲಗಾರ ತಪ್ಪಿಸಿಕೊಳ್ಳುವ ದಾರಿಯನ್ನು ಗುರುವೇ ತೋರಿಸಿದಂತಾಗುವುದೇ ಎಂಬ ಅಳುಕೂ ಇತ್ತು. ಕೊನೆಗೆ ತೋರಿದ್ದಿಷ್ಟು: ಅಕ್ಕಿಗೆ ದುಡ್ಡಿಲ್ಲದೆ ಅವನು ಕೆಲಸ ಬಿಟ್ಟರೆ ಬ್ಯಾಂಕಿಗೂ ಇಲ್ಲ, ನನಗೂ ಇಲ್ಲ. ಆದರೆ ಬಚ್ಚಿಡಬಾರದು. ಖಾತೆ ತೆರೆದ ದಿನವೇ ಸಾಲ ಕೊಟ್ಟ ಬ್ಯಾಂಕಿಗೆ ಅವನೇ ಪತ್ರ ಬರೆಯಬೇಕು. ಈ ಷರತ್ತನ್ನು ಹೇಳಿದಾಗ ಅವನು, "ಬರೆಯುತ್ತೇನೆ ಮಾಷ್ಟ್ರೇ. ಸಾಲ ಇಲ್ಲ ಎಂದು ನಾನು ಎಂದೂ ಹೇಳಿದವನಲ್ಲ" ಎಂದ.

ನಾವಿಬ್ಬರೂ ಇನ್ನೊಂದು ಬ್ಯಾಂಕಿನ ಶಾಖೆಗೆ ಹೋದೆವು. ಕೌಂಟರಿನ ತರುಣ ಆಧಾರ್, ಪಾನ್ ಕಾರ್ಡುಗಳನ್ನು ನೋಡಿ, ಬೇರೆಡೆ ಸಾಲ ಬಾಕಿಯಿದೆಯೆಂದು ಕೇಳಿ, "ಹಾಗಾದರೆ ಕಷ್ಟ" ಎಂದ. ನನ್ನ ವಿದ್ಯಾರ್ಥಿ ಆಗಲೇ ಎದ್ದು ನಿಂತಿದ್ದ. ನಾನು ಅವನ ತೋಳು ಹಿಡಿದು ಕೂರಿಸಿ, ಅಂಗಿಯ ಕಿಸೆಯಲ್ಲಿದ್ದ ಸುತ್ತೋಲೆಯ ಪ್ರತಿಯನ್ನು ಬಿಡಿಸಿ ಮೇಜಿನ ಮೇಲಿಟ್ಟೆ. ತರುಣ ಅದನ್ನು ಒಳಗೆ ಒಯ್ದ. ಮ್ಯಾನೇಜರು ಹೊರಗೆ ಬಂದು, "ಸಾಲ ಕೇಳಿದರೆ ಮಾತ್ರ ತೊಂದರೆ. ಈ ಖಾತೆಗೆ ಅಡ್ಡಿಯಿಲ್ಲ" ಎಂದು ಫಾರಂ ಕೊಟ್ಟರು. ಫಾರಂನಲ್ಲಿ ಕನ್ನಡವಿರಲಿಲ್ಲ; ನಾನು ಓದಿ ಹೇಳಿದೆ, ಅವನು ತುಂಬಿಸಿದ. ಸಹಿಯನ್ನು ಮಾತ್ರ ಕನ್ನಡದಲ್ಲಿ, ನಾನು ಕಲಿಸಿದ ದುಂಡನೆಯ ಅಕ್ಷರದಲ್ಲಿ ಹಾಕಿದ.

ಆ ಸಂಜೆಯೇ ಜಗಲಿಯಲ್ಲಿ ಕುಳಿತು ಪತ್ರ ಬರೆದೆವು: ಹೊಸ ಕೆಲಸ ಇಂಥದು, ಸಂಬಳ ಇಷ್ಟು, ಮನೆಖರ್ಚು ಇಷ್ಟು, ತಿಂಗಳಿಗೆ ಮೂರು ಸಾವಿರ ಕಟ್ಟಬಲ್ಲೆ. ಉತ್ತರ ಬರಲು ಎರಡು ತಿಂಗಳಾಯಿತು. ಅಷ್ಟರೊಳಗೆ ಅವನು ಎರಡು ಸಲ ಕಟ್ಟಿಯಾಗಿತ್ತು. ಸಾಲ ಇನ್ನೂ ತೀರಿಲ್ಲ. ಜಾಮೀನಿನ ನೆಲೆಯಲ್ಲಿ ನಾನೂ ಸ್ವಲ್ಪ ಕಟ್ಟಿದ್ದೇನೆ. ಆ ಲೆಕ್ಕವನ್ನು ಅವನು ಬೇರೊಂದು ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ.

ಬ್ಯಾಂಕು ಖಾತೆಯನ್ನು ಹಕ್ಕೆಂದು ಫ್ರಾನ್ಸ್ ದೇಶ 1984ರಲ್ಲೇ ಕಾನೂನಿನಲ್ಲಿ ಬರೆಯಿತು. ಯುರೋಪಿಯನ್ ಒಕ್ಕೂಟ 2014ರಲ್ಲಿ ಅದನ್ನೇ ನಿರ್ದೇಶನವಾಗಿ ಹೊರಡಿಸಿತು. ನಮ್ಮಲ್ಲಿ ಅದು ಸುತ್ತೋಲೆಯ ರೂಪದಲ್ಲಿದೆ. ಕೌಂಟರಿನವರೆಗೆ ಅದನ್ನು ಒಯ್ಯುವವರು ಬೇಕು. ಅದಕ್ಕಿಂತ ಮೊದಲು, ಸೋತವನು ನಮ್ಮ ಜಗಲಿಗೆ ಬಂದು ಬಾಯಿಬಿಟ್ಟು ಹೇಳುವಂತಿರಬೇಕು. ನಮ್ಮ ಸಂಘದ ಬಂಧುಗಳಲ್ಲಿ ಬ್ಯಾಂಕಿನಿಂದ ನಿವೃತ್ತರಾದವರು ಹಲವರಿದ್ದಾರೆ, ವಕೀಲರಿದ್ದಾರೆ, ನನ್ನಂತಹ ಮೇಷ್ಟರುಗಳಂತೂ ಬೇಕಾದಷ್ಟಿದ್ದಾರೆ. ತಿಂಗಳಿಗೊಂದು ಭಾನುವಾರ ಎರಡು ತಾಸು ಕುಳಿತು, ಅಂಥವರಿಗೆ ಒಂದು ಫಾರಂ ಓದಿ ಹೇಳುವುದು, ಒಂದು ಪತ್ರ ಬರೆದುಕೊಡುವುದು ಸಂಘದ ಕೆಲಸವಾಗಬಾರದೆ?

ಕಳೆದ ದೀಪಾವಳಿಯ ಮುನ್ನಾದಿನ ಉರುಳಿಯನ್ನು ಇಳಿಸಿ ತೊಳೆಯುವಾಗ ಅವನು ಬಂದ. ಕೈಯಲ್ಲಿ ಪಾಸ್‌ಬುಕ್ಕಿತ್ತು. ಕೊನೆಯ ಸಾಲಿನಲ್ಲಿ ಉಳಿಕೆ ನಾನೂರ ಹನ್ನೆರಡು ರೂಪಾಯಿ. "ಈ ತಿಂಗಳ ಕಂತು ಹೋಗಿ ಇಷ್ಟು ಮಿಕ್ಕಿತು ಮಾಷ್ಟ್ರೇ" ಎಂದ. ನನ್ನಾಕೆ ಆ ಪುಸ್ತಕವನ್ನು ಕೈಗೆ ತೆಗೆದುಕೊಂಡು ನೋಡಿದಳು. ಆಮೇಲೆ ಅವನನ್ನು ಊಟಕ್ಕೆ ನಿಲ್ಲಿಸಿಕೊಂಡಳು.