ನಾಲ್ಕು ಸೆಂಟಿಮೀಟರಿನ ಬಾತು

ಅಂಚೆಚೀಟಿಗೆ ಚಿತ್ರ ಬರೆಯುತ್ತೇನೆ ಎಂದರೆ ನಮ್ಮ ತರಗತಿಯಲ್ಲಿ ಬರುವ ಮೊದಲ ಪ್ರಶ್ನೆ, "ಈಗ ಪತ್ರ ಯಾರು ಬರೀತಾರೆ ಕಣೇ?" ಎರಡನೆಯದು, "ಗೆದ್ರೆ ದುಡ್ಡು ಎಷ್ಟು ಕೊಡ್ತಾರೆ?" ಮೂರನೆಯ ಪ್ರಶ್ನೆ ಕೇಳುವವರು ಕಡಿಮೆ. ಹುಲಿ, ಆನೆ, ನವಿಲು ಎಲ್ಲ ಬಿಟ್ಟು ಬಾತು ಯಾಕೆ ಅಂತ. ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಕನ್ನಡ ಮೇಡಂ ಹೇಳಿದಾಗ ಆ ಮೂರನೆಯ ಪ್ರಶ್ನೆಗೇ ಉತ್ತರ ಬರೆಯೋಣ ಅನ್ನಿಸಿತು. ಉಳಿದೆರಡಕ್ಕೂ ದಾರಿಯಲ್ಲಿ ಉತ್ತರ ಸಿಗಬಹುದು.

ಹುಲಿಯನ್ನು ನಾನು ನೋಡಿರುವುದು ಆನಗೋಡಿನ ಮೃಗಾಲಯದ ಬೋರ್ಡುಗಳಲ್ಲಿ, ಪಠ್ಯಪುಸ್ತಕದಲ್ಲಿ, ಮೊಬೈಲಿನಲ್ಲಿ. ಬಾತುಗಳನ್ನು ಕೆರೆಯಲ್ಲೇ ನೋಡಿದ್ದೇನೆ. ಮಾಯಕೊಂಡದ ಕಡೆಯವರಿಗೆ ಕೆರೆ ಎಂದರೆ ಏನೆಂದು ಬೇರೆ ಹೇಳಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷ ಕೆರೆ ಅಂಗಳದಲ್ಲಿ ಕ್ರಿಕೆಟ್ ಆಡುತ್ತೇವೆ, ಮಳೆ ಬಂದ ವರ್ಷ ಏರಿ ಮೇಲೆ ನಿಂತು ನೀರು ನೋಡುತ್ತೇವೆ. ಹರಿಹರದ ಹತ್ತಿರ ರಾಜನಹಳ್ಳಿಯಲ್ಲಿ ತುಂಗಭದ್ರೆಯ ನೀರೆತ್ತಿ 22 ಕೆರೆ ತುಂಬಿಸುವ ಯೋಜನೆಯ ಬಗ್ಗೆ ನಮ್ಮ ಮನೆಗಳಲ್ಲಿ ಎಷ್ಟು ಮಾತಾಗಿದೆ ಎಂದರೆ, ಮೋಟಾರು ಕೆಟ್ಟರೂ ಅದು ಊಟದ ಹೊತ್ತಿನ ಸುದ್ದಿ. ಮಾತು ಮೆಕ್ಕೆಜೋಳದ್ದು, ಅಡಿಕೆಯದ್ದು, ಕೊಳವೆಬಾವಿಯದ್ದು. ನೀರು ನಿಂತ ಕೆರೆಗೆ ಯಾರೂ ಕರೆಯದೆ ಬರುವ ಅತಿಥಿಗಳ ಲೆಕ್ಕ ಅದರಲ್ಲಿ ಬರುವುದಿಲ್ಲ.

ನಮ್ಮಲ್ಲಿ ಎಲ್ಲದಕ್ಕೂ ಒಂದೇ ಹೆಸರು, ನೀರುಕೋಳಿ. ಜೀವಶಾಸ್ತ್ರ ಸರ್ ಕೊಟ್ಟ ದುರ್ಬೀನಿನಲ್ಲಿ ಕೊಂಡಜ್ಜಿ ಕೆರೆಯನ್ನು ಎರಡು ಭಾನುವಾರ ನೋಡಿದ ಮೇಲೆ ಆ ಒಂದು ಹೆಸರು ಐದಾರಾಗಿ ಒಡೆಯಿತು. ಹಣೆಗೆ ಬಿಳಿ ನಾಮ ಇಟ್ಟುಕೊಂಡದ್ದು ನಾಮದ ಕೋಳಿ, ಅದು ಬಾತೇ ಅಲ್ಲ. ಹಾರುವಾಗ ಸೀಟಿ ಹೊಡೆಯುವುದು ಶಿಳ್ಳೆ ಬಾತು. ಬಾಲ ಸೂಜಿಯಂತೆ ಚೂಪಾಗಿರುವುದು ಚಳಿಗಾಲಕ್ಕೆ ಉತ್ತರದಿಂದ ಬರುವ ಸೂಜಿಬಾಲದ ಬಾತು. ಎಲ್ಲಿಗೂ ವಲಸೆ ಹೋಗದೆ ನಮ್ಮ ಕೆರೆಗಳನ್ನೇ ನಂಬಿಕೊಂಡು, ನೀರು ಬತ್ತಿದರೆ ಪಕ್ಕದ ಕೆರೆಗೆ ಹೋಗಿ, ಮಳೆ ಬಂದರೆ ಮರಳಿ ಬರುವುದು ಚುಕ್ಕೆ ಕೊಕ್ಕಿನ ಬಾತು. ನಾನು ಬರೆಯುತ್ತಿರುವುದು ಇದನ್ನೇ.

ದೂರದಿಂದ ನೋಡಿದರೆ ಅದು ಮಣ್ಣಿನ ಬಣ್ಣದ ಮಾಮೂಲಿ ಹಕ್ಕಿ. ಹತ್ತಿರದಿಂದ ನೋಡಿ. ಕಪ್ಪು ಕೊಕ್ಕು, ತುದಿ ಮಾತ್ರ ಹಳದಿ ಬಣ್ಣದಲ್ಲಿ ಅದ್ದಿದ ಹಾಗೆ. ಕೊಕ್ಕು ಹಣೆಗೆ ಸೇರುವಲ್ಲಿ ಎರಡು ಕೆಂಪು ಚುಕ್ಕೆ. ಕಣ್ಣಿನ ಮೇಲೆ ಕಾಡಿಗೆ ತೀಡಿದಂಥ ಗೆರೆ. ಮೈಮೇಲಿನ ಒಂದೊಂದು ಗರಿಯೂ ನಡುವೆ ಕಪ್ಪು, ಅಂಚಿಗೆ ತೆಳು ಬಿಳಿ, ಹಾಗಾಗಿ ಇಡೀ ಹಕ್ಕಿ ಮೀನಿನ ಹೊಳಕು ಹೊದ್ದಂತೆ ಕಾಣುತ್ತದೆ. ಎದೆಯಲ್ಲಿ ಈ ಗರಿಗಳು ಚಿಕ್ಕವು, ಪಕ್ಕೆಗೆ ಬರುತ್ತಾ ದೊಡ್ಡವು. ಎಲ್ಲವನ್ನೂ ಒಂದೇ ಅಳತೆಗೆ ಬರೆದರೆ ಬಾತು ಹೋಗಿ ಹೆಂಚಿನ ಮಾಡು ಆಗುತ್ತದೆ. ರೆಕ್ಕೆಯಲ್ಲಿ ಒಂದು ಹಸಿರು ಪಟ್ಟಿ ಇದೆ. ಆ ಹಸಿರು ಗರಿಯಲ್ಲಿರುವ ಬಣ್ಣವಲ್ಲ, ಗರಿಯ ರಚನೆಯ ಮೇಲೆ ಬೆಳಕು ಬಿದ್ದಾಗ ಹುಟ್ಟುವುದು. ಹಕ್ಕಿ ಸ್ವಲ್ಪ ತಿರುಗಿದರೆ ಅದೇ ಪಟ್ಟಿ ಕಪ್ಪು. ಬಾಟಲಿಯ ಹಸಿರನ್ನು ಹಾಗೇ ಹಚ್ಚಿದರೆ ಗಿಣಿಯ ರೆಕ್ಕೆ ಕಿತ್ತು ಅಂಟಿಸಿದ ಹಾಗಿರುತ್ತದೆ. ಕೆಳಗೆ ಕಪ್ಪು ನೀಲಿ ಹಚ್ಚಿ, ಒಣಗಿದ ಮೇಲೆ ಬೆಳಕು ಬೀಳುವ ಕಡೆ ಮಾತ್ರ ಒಂದು ಎಳೆ ಹಸಿರು.

ಎಲ್ಲಕ್ಕಿಂತ ಕಷ್ಟ ನೀರು. ಬಾತು ನೀರಿನ ಮೇಲೆ ಕುಳಿತಿರುವುದಿಲ್ಲ, ನೀರೊಳಗೆ ಕುಳಿತಿರುತ್ತದೆ. ಹೊಟ್ಟೆ ಎಲ್ಲಿ ಮುಗಿದು ನೀರು ಎಲ್ಲಿ ಶುರುವಾಗುತ್ತದೆ ಎಂಬ ಆ ಗೆರೆ ಸರಿಯಾಗಿ ಬಂದರೆ ಹಕ್ಕಿಗೆ ತೂಕ ಬರುತ್ತದೆ, ಇಲ್ಲದಿದ್ದರೆ ಪ್ಲಾಸ್ಟಿಕ್ ಆಟಿಕೆ.

ಇಷ್ಟು ಸೂಕ್ಷ್ಮ ಯಾರು ನೋಡುತ್ತಾರೆ ಎಂದು ನೀವು ಕೇಳಬಹುದು. ಅಮೆರಿಕದಲ್ಲಿ ಸರ್ಕಾರವೇ ನೋಡುತ್ತದೆ. 1930ರ ದಶಕದಲ್ಲಿ ಅಲ್ಲಿ ಘೋರ ಬರ ಬಂದು, ಜೌಗು ಪ್ರದೇಶಗಳು ಒಣಗಿ, ಬಾತುಗಳ ಸಂಖ್ಯೆ ಕುಸಿಯಿತು. 1934ರಲ್ಲಿ ಒಂದು ಕಾನೂನು ತಂದರು. ಬಾತು ಬೇಟೆಯಾಡುವವರು ಪ್ರತಿ ವರ್ಷ ಒಂದು ಅಂಚೆಚೀಟಿಯಂಥ ಚೀಟಿ ಕೊಳ್ಳಲೇಬೇಕು, ಆ ಹಣದಿಂದ ಹಕ್ಕಿಗಳಿಗೆ ಜೌಗು ನೆಲ ಕೊಳ್ಳಬೇಕು. ಮೊದಲ ಚೀಟಿಯ ಬೆಲೆ ಒಂದು ಡಾಲರ್. ಅದರ ಚಿತ್ರ ಬರೆದವರು ಜೇ ಡಾರ್ಲಿಂಗ್ ಎಂಬ ಪತ್ರಿಕಾ ವ್ಯಂಗ್ಯಚಿತ್ರಕಾರ, ನೀರಿಗಿಳಿಯುತ್ತಿರುವ ಎರಡು ಬಾತು. ಈಗ ಅದರ ಬೆಲೆ 25 ಡಾಲರ್. ಇದುವರೆಗೆ ನೂರು ಕೋಟಿ ಡಾಲರಿಗೂ ಹೆಚ್ಚು ಹಣ ಕೂಡಿ, ಸುಮಾರು 60 ಲಕ್ಷ ಎಕರೆ ನೆಲ ಉಳಿದಿದೆ. ಬೇಟೆಗಾರನ ದುಡ್ಡಿನಲ್ಲಿ ಬಾತಿಗೆ ಮನೆ! ನಮ್ಮಲ್ಲಿ 1972ರ ವನ್ಯಜೀವಿ ಕಾನೂನಿನಡಿ ಈಗ ಬೇಟೆಯೇ ಅಪರಾಧ, ಆದ್ದರಿಂದ ಆ ಲೆಕ್ಕ ಇಲ್ಲಿ ಕೂಡುವುದಿಲ್ಲ. ಆದರೂ ಒಂದು ಚಿತ್ರ ಇಷ್ಟು ಕೆಲಸ ಮಾಡಿತಲ್ಲ ಎಂಬುದು ನನ್ನ ತಲೆಯಿಂದ ಹೋಗುವುದಿಲ್ಲ.

1950ರ ಸುಮಾರಿನಿಂದ ಅಲ್ಲಿ ಇದಕ್ಕೆ ಮುಕ್ತ ಸ್ಪರ್ಧೆ ನಡೆಯುತ್ತಿದೆ. ಅಲ್ಲಿ ವಾಸಿಸುವವರಿಗೆ ಮಾತ್ರ ಅವಕಾಶ, ನಾವು ಕಳಿಸುವಂತಿಲ್ಲ. ನಿಯಮಗಳನ್ನು ಓದುವುದಕ್ಕೆ ಯಾರ ಅಡ್ಡಿಯೂ ಇಲ್ಲವಲ್ಲ. ಚಿತ್ರ 7 ಇಂಚು ಎತ್ತರ, 10 ಇಂಚು ಅಗಲ. ಅದರ ಮೇಲೆ ಒಂದಕ್ಷರವೂ ಇರಕೂಡದು. ಕಲಾವಿದರ ಹೆಸರು ತೀರ್ಪುಗಾರರಿಗೆ ಗೊತ್ತಾಗಬಾರದು. ಗೆದ್ದವರಿಗೆ ಸರ್ಕಾರ ನಗದು ಬಹುಮಾನ ಕೊಡುವುದಿಲ್ಲ, ಅವರದೇ ಚಿತ್ರದ ಚೀಟಿಗಳ ಒಂದು ಹಾಳೆ ಕೊಡುತ್ತದೆ. ಆಮೇಲೆ ಮುದ್ರಿತ ಪ್ರತಿಗಳನ್ನು ಮಾರಿ ಸಂಪಾದಿಸುವುದು ಅವರ ಜಾಣತನ. ಇದನ್ನು ಹೇಳಿದಾಗ ಅಬ್ಬಾ ಜೋರಾಗಿ ನಕ್ಕರು. "ಅಲ್ಲೂ ಪೇಂಟರ್ ಗತಿ ಇಷ್ಟೇನಾ ಬೇಟಾ?"

ಅಕ್ಷರ ಇರಕೂಡದು ಎಂಬ ನಿಯಮ ನನಗೆ ಬಹಳ ಹಿಡಿಸಿತು. ಕಳೆದ ಅಕ್ಟೋಬರಿನಲ್ಲಿ ವನ್ಯಜೀವಿ ಸಪ್ತಾಹದ ಹೊತ್ತಿಗೆ ಒಂದು ಸ್ಪರ್ಧೆಗೆ ಇದೇ ಬಾತನ್ನು ಬರೆದು ಕೊಟ್ಟಿದ್ದೆ. ಸಮಾಧಾನಕರ ಬಹುಮಾನ ಬಂತು. "ಚೆನ್ನಾಗಿದೆ ಕಣಮ್ಮ, ಆದರೆ ಸಂದೇಶ ಇಲ್ಲ" ಎಂದರು ತೀರ್ಪುಗಾರರೊಬ್ಬರು. ಮೊದಲ ಬಹುಮಾನ ಬಂದ ಚಿತ್ರದಲ್ಲಿ ಅಳುವ ಭೂಮಿ ಇತ್ತು, ಎರಡು ಕೈಗಳು ಅದನ್ನು ಹಿಡಿದಿದ್ದವು, ಕೆಳಗೆ ಘೋಷಣೆ ಇತ್ತು. ಬರೆದ ಹುಡುಗಿ ನನ್ನ ಸ್ನೇಹಿತೆಯೇ, ಅವಳ ಕೈ ಒಳ್ಳೆಯದು. ನನ್ನ ತಕರಾರು ಅವಳ ಮೇಲಲ್ಲ. ಚುಕ್ಕೆ ಕೊಕ್ಕಿನ ಬಾತು ಹೇಗಿರುತ್ತದೆ ಎಂದು ಸರಿಯಾಗಿ ತೋರಿಸುವುದೂ ಒಂದು ಮಾತಲ್ಲವೇ ಎಂಬುದಷ್ಟೇ ನನ್ನ ಪ್ರಶ್ನೆ. ಹೆಸರು ಗೊತ್ತಿಲ್ಲದ ಹಕ್ಕಿ ಮುಂದಿನ ವರ್ಷ ಬಾರದಿದ್ದರೆ, ಬಂದಿಲ್ಲ ಎಂಬುದಾದರೂ ಯಾರಿಗೆ ಗೊತ್ತಾಗುತ್ತದೆ?

ನಮ್ಮ ದೇಶದ ಅಂಚೆಚೀಟಿಗಳಲ್ಲೂ ನೀರುಹಕ್ಕಿಗಳಿವೆ. 1983ರಲ್ಲಿ ಸೈಬೀರಿಯಾದ ಕೊಕ್ಕರೆಯ ಚೀಟಿ ಬಂತು. ಆ ಹಕ್ಕಿ ರಾಜಸ್ಥಾನದ ಭರತಪುರಕ್ಕೆ ಬರುವುದು 2002ರ ಹೊತ್ತಿಗೆ ನಿಂತೇ ಹೋಯಿತು, ಚೀಟಿ ಉಳಿದಿದೆ. 1994ರಲ್ಲಿ ಅಳಿವಿನಂಚಿನ ನೀರುಹಕ್ಕಿಗಳು ಎಂದು ನಾಲ್ಕು ಚೀಟಿಗಳನ್ನು ಒಟ್ಟಿಗೆ ತಂದರು. ಅದರಲ್ಲೊಂದು ಗುಲಾಬಿ ತಲೆಯ ಬಾತು, ಅದನ್ನು ಯಾರಾದರೂ ಖಚಿತವಾಗಿ ನೋಡಿ ಎಷ್ಟೋ ದಶಕಗಳಾಗಿವೆ. ಆ ಚೀಟಿಗಳ ಶಾಯಿ ನೀರು ತಾಗಿದರೆ ಕರಗುತ್ತಿತ್ತಂತೆ, ಆದ್ದರಿಂದ ಬೇಗನೆ ಹಿಂತೆಗೆದುಕೊಂಡರು. ನೀರುಹಕ್ಕಿ, ನೀರಿನಲ್ಲಿ ಕರಗುವುದು! 1996ರಲ್ಲಿ ಸಲೀಂ ಅಲಿಯವರ ಜನ್ಮಶತಮಾನೋತ್ಸವಕ್ಕೂ ಚೀಟಿ ಬಂದಿದೆ. ನಮ್ಮ ಹಳೆಯ ಮೈಸೂರು ರಾಜ್ಯದ ಹಕ್ಕಿಗಳನ್ನು ಸುತ್ತಾಡಿ ಪಟ್ಟಿ ಮಾಡಿದವರು ಅವರೇ. ಮಕ್ಕಳ ದಿನಕ್ಕೆ ಅಂಚೆ ಇಲಾಖೆ ವಿನ್ಯಾಸ ಸ್ಪರ್ಧೆ ನಡೆಸಿ, ಗೆದ್ದ ಮಗುವಿನ ಚಿತ್ರವನ್ನೇ ನವೆಂಬರ್ 14ಕ್ಕೆ ಚೀಟಿಯಾಗಿ ತಂದದ್ದೂ ಉಂಟು. ನನ್ನ ಆಸೆ ಅಲ್ಲಿಂದ ಹುಟ್ಟಿದ್ದು.

ಚೀಟಿ ಸುಮಾರು ನಾಲ್ಕು ಸೆಂಟಿಮೀಟರ್ ಉದ್ದ, ಮೂರು ಸೆಂಟಿಮೀಟರ್ ಅಗಲ. ದೊಡ್ಡ ಹಾಳೆಯಲ್ಲಿ ಬರೆದದ್ದು ಅಷ್ಟಕ್ಕೆ ಇಳಿದಾಗ ಏನು ಉಳಿಯುತ್ತದೆ ಎಂದು ನೋಡಲು ನಾನು ದುರ್ಬೀನನ್ನು ತಿರುಗಿಸಿ ಹಿಡಿಯುತ್ತೇನೆ. ಆರು ಸಂಜೆ ಕೂತು ಬರೆದ ಗರಿಗಳು ಮಾಯ. ಕೊಕ್ಕಿನ ಹಳದಿ, ಕಣ್ಣಿನ ಗೆರೆ, ಕುತ್ತಿಗೆಯ ಬಾಗು, ರೆಕ್ಕೆಯ ಬಿಳಿ ಇಷ್ಟೇ ಕಾಣುತ್ತವೆ. ಹಾಗಾದರೆ ಗರಿ ಬರೆಯುವುದು ದಂಡವೇ? ಅಲ್ಲ. ಗರಿಗಳನ್ನು ಬರೆಯದೆ ಬಿಟ್ಟು ಬರೀ ಕಂದು ಹಚ್ಚಿಯೂ ನೋಡಿದೆ. ತಿರುಗಿಸಿದ ದುರ್ಬೀನಿನಲ್ಲಿ ಅದು ಸತ್ತ ಹಕ್ಕಿ.

ಗೆರೆ ಎಳೆಯುವುದನ್ನು ಕಲಿಸಿದ್ದು ಅಬ್ಬಾ. ಅವರು ಬೋರ್ಡ್ ಪೇಂಟರ್. ಮಾಯಕೊಂಡದಿಂದ ದಾವಣಗೆರೆಯವರೆಗೆ ಎಷ್ಟೋ ಅಂಗಡಿ, ಲಾರಿ, ಟ್ರ್ಯಾಕ್ಟರ್ ಟ್ರಾಲಿಗಳ ಮೇಲೆ ಅವರ ಅಕ್ಷರವಿತ್ತು. ಫ್ಲೆಕ್ಸ್ ಬಂತು. ಈಗ ಅವರು ಮನೆಗಳಿಗೆ ಬಣ್ಣ ಹೊಡೆಯುತ್ತಾರೆ. "ಬ್ರಷ್ ತಳ್ಳಬೇಡ, ಅದು ಹೋಗೋ ಕಡೆ ನೀನು ಜೊತೆಗೆ ಹೋಗು" ಎನ್ನುತ್ತಾರೆ. ಉಸಿರು ಬಿಡುತ್ತಾ ಗೆರೆ ಎಳೆಯಬೇಕು, ಹಿಡಿದುಕೊಂಡು ಎಳೆದರೆ ಕೈ ನಡುಗುತ್ತದೆ. ಇದು ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ.

ದಾದಿಯದು ಬೇರೆ ತೊಡಕು. ನಮ್ಮಲ್ಲಿ ಅನೇಕರ ಮನೆಯಂತೆ ಜೀವ ಇರುವುದರ ಚಿತ್ರ ನಮಾಜ್ ಮಾಡುವ ಕೋಣೆಯಲ್ಲಿ ಬೇಡ ಎಂದರು. ಸರಿ ಎಂದೆ. ನನ್ನ ಬಾತುಗಳು ಅಡುಗೆಮನೆಯ ಅಕ್ಕಿ ಡಬ್ಬದ ಮೇಲೆ ಫೈಲಿನಲ್ಲಿರುತ್ತವೆ. ಜಹಾಂಗೀರ್ ಬಾದಶಹನ ಆಸ್ಥಾನದಲ್ಲಿ ಉಸ್ತಾದ್ ಮನ್ಸೂರ್ ಎಂಬ ಚಿತ್ರಕಾರ ಇದ್ದರು, ಬಾದಶಹ ಅವರಿಗೆ ನಾದಿರ್-ಉಲ್-ಅಸ್ರ್ ಎಂಬ ಬಿರುದು ಕೊಟ್ಟಿದ್ದ, ಸೈಬೀರಿಯಾದ ಕೊಕ್ಕರೆಗೆ 1773ರಲ್ಲಿ ವಿಜ್ಞಾನಿಗಳು ಹೆಸರಿಡುವ ಒಂದೂವರೆ ಶತಮಾನ ಮೊದಲೇ ಅದನ್ನು ಗರಿಗರಿ ಸಮೇತ ಬರೆದಿಟ್ಟಿದ್ದರು ಎಂದು ಒಂದು ದಿನ ಅವರಿಗೆ ಹೇಳಿದೆ. ದಾದಿ ವಾದಕ್ಕೆ ಬರಲಿಲ್ಲ. ಅಕ್ಕಿ ಅಳೆಯುತ್ತಾ ಫೈಲು ತೆಗೆದು ಕಣ್ಣಿಗೆ ಹತ್ತಿರ ಹಿಡಿದು, "ದಡಕ್ಕೆ ಬಂದಾಗ ಕಾಲು ಕಿತ್ತಳೆ ಹಣ್ಣಿನ ಬಣ್ಣ ಇರುತ್ತಿತ್ತು, ನೀನು ಕಾಲೇ ಬರೆದಿಲ್ಲ" ಎಂದರು. ಅವರು ಚಿಕ್ಕವರಿದ್ದಾಗ ಕೆರೆದಂಡೆಯಲ್ಲಿ ಎಮ್ಮೆ ಮೇಯಿಸಿದವರು. ಈಗ ಬರೆಯುತ್ತಿರುವ ಚಿತ್ರದಲ್ಲಿ ಒಂದು ಬಾತು ನೀರಿನಲ್ಲಿದೆ, ಇನ್ನೊಂದು ಒದ್ದೆ ಮಣ್ಣಿನ ಮೇಲೆ ನಿಂತಿದೆ.

ಪರೀಕ್ಷೆ ಮುಗಿದ ಮೇಲೆ ಏನು ಎಂಬುದು ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ದಾವಣಗೆರೆಯಲ್ಲಿ ದೃಶ್ಯಕಲಾ ಮಹಾವಿದ್ಯಾಲಯ ಇದೆ, 1964ರಿಂದ ಇದೆ, ನಮ್ಮೂರಿಂದ ದಿನಾ ಹೋಗಿ ಬರಬಹುದು. ಅಬ್ಬಾ ಬಿ.ಕಾಂ. ಎನ್ನುತ್ತಾರೆ. "ಬ್ರಷ್ ನಂಬಿ ನಾನು ಏನಾದೆ ನೋಡಿದೀಯಲ್ಲ" ಎನ್ನುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ, ಯಾಕೆಂದರೆ ನೋಡಿದ್ದೇನೆ. ಚಿತ್ರಕಲಾ ಶಿಕ್ಷಕಿಯಾಗಬಹುದು, ಪುಸ್ತಕಗಳಿಗೆ ಚಿತ್ರ ಬರೆಯಬಹುದು ಎಂದು ಹೇಳಿದರೆ "ಆಗಬಹುದು, ಆಗಬಹುದು" ಎಂದು ಪತ್ರಿಕೆ ಮಡಚುತ್ತಾರೆ. ಎರಡೂ ಅರ್ಜಿ ತುಂಬುವುದು ಎಂಬಲ್ಲಿಗೆ ಸದ್ಯ ಮಾತು ನಿಂತಿದೆ.

ಹೋದ ವಾರ ಚಿತ್ರದ ಬಲಮೂಲೆ ಯಾಕೆ ಖಾಲಿ ಬಿಟ್ಟಿದ್ದೀಯ ಎಂದು ಕೇಳಿದರು. ಅಲ್ಲಿ ಬೆಲೆ, ದೇಶದ ಹೆಸರು ಬರುತ್ತದೆ, ಗೆದ್ದರೆ ಇಲಾಖೆಯವರೇ ಹಾಕಿಕೊಳ್ಳುತ್ತಾರೆ ಎಂದೆ. "ಕಂಪ್ಯೂಟರ್ ಅಕ್ಷರ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನ ಸೊನ್ನೆ ನಂಬರಿನ ಬ್ರಷ್ ತೆಗೆದುಕೊಂಡು, ಹಳೆಯ ಪತ್ರಿಕೆಯ ಅಂಚಿನಲ್ಲಿ, ಎಳ್ಳುಕಾಳಿನಷ್ಟು ಸಣ್ಣದಾಗಿ, ನೆರಳು ಕೊಟ್ಟು ಬರೆದರು: ಭಾರತ, 5 ರೂ.