ರೇಡಿಯೊ ಮಲಗಿದ ಮೇಲೆ

1987ರಲ್ಲಿ ರವಿಚಂದ್ರನ್ ಅವರ ‘ಪ್ರೇಮಲೋಕ’ ಸಿನಿಮಾ ಬಂದಾಗ ಜಂಗಮಕೋಟೆ ಸುತ್ತಿನ ಹಳ್ಳಿಗಳಲ್ಲಿ ಹಂಸಲೇಖರ ಹಾಡುಗಳಿಗೆ ಬಿಡುವೇ ಇರಲಿಲ್ಲ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೊರಟ ಟೆಂಪೊದಲ್ಲಿ ಅವೇ, ನೂಲು ಬಿಚ್ಚುವ ಮನೆಗಳಲ್ಲಿ ಅವೇ, ಮದುವೆ ಚಪ್ಪರದ ಮೈಕಿನಲ್ಲೂ ಅವೇ. ಇವತ್ತಿಗೂ ಅವೆಂದರೆ ನನಗೆ ಪ್ರಾಣ. ಅವನ್ನು ನಾವು ಅರಸಿಕೊಂಡು ಹೋಗಬೇಕಿರಲಿಲ್ಲ. ಮನೆ ಬಾಗಿಲಿಗೇ ಬರುತ್ತಿದ್ದವು.

ನಮ್ಮ ಹುಳುಮನೆಗೆ ಕೂಲಿಗೆ ಬರುತ್ತಿದ್ದ ಅಜ್ಜಿಯ ಹಾಡು ಹಾಗಲ್ಲ. ಅದನ್ನು ಕೇಳಬೇಕಾದರೆ ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಕಳೆದು ಏಳಬೇಕು, ಕತ್ತಲಾಗಬೇಕು, ಆಕಾಶವಾಣಿ ಮಲಗಬೇಕು. ಆ ದಿನಗಳಲ್ಲಿ ಹುಳುವಿನ ಹಸಿವಿಗೆ ಹಗಲು ರಾತ್ರಿ ಇಲ್ಲ. ತಟ್ಟೆ ತಟ್ಟೆಯಲ್ಲೂ ಸೊಪ್ಪು ಕಡಿಯುವ ಸದ್ದು, ಹೆಂಚಿನ ಮೇಲೆ ಹಿಡಿದ ಸೋನೆಮಳೆಯಂತೆ. ಹುಳು ಹಣ್ಣಾದ ರಾತ್ರಿಯಂತೂ ಮನೆಮಂದಿ, ನೆರೆಯವರು, ಕೂಲಿಯವರು ಎಲ್ಲ ಸೇರಿ ಒಂದೊಂದನ್ನೇ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ತಡವಾದರೆ ಗೂಡು ಕೆಡುತ್ತದೆ. ಕಣ್ಣು ಎಳೆಯುವ ಆ ಹೊತ್ತಿಗೆ ಯಾರಾದರೂ, ‘ಏನಾದರೂ ಹೇಳಮ್ಮ’ ಅನ್ನುತ್ತಿದ್ದರು.

ಅಜ್ಜಿ ಹೇಳುತ್ತಿದ್ದಳು. ಅರ್ಧ ತೆಲುಗು, ಅರ್ಧ ಕನ್ನಡ. ನಮ್ಮ ಸೀಮೆಯಲ್ಲಿ ಎರಡೂ ಮನೆಮಾತೇ. ಕೈವಾರದ ತಾತಯ್ಯನವರ ಪದ ಆದಮೇಲೆ ಗಂಗಮ್ಮನ ಪದ, ಅದಾದಮೇಲೆ ತವರಿಗೆ ಮರಳದ ಹೆಣ್ಣುಮಗಳೊಬ್ಬಳ ಕಥೆ. ಆ ಕಥೆಯನ್ನು ಬೇರೆ ಯಾರ ಬಾಯಲ್ಲೂ ನಾನು ಕೇಳಿಲ್ಲ. ಪ್ರತಿ ಬೆಳೆಗೂ ಅದು ಒಂದಿಷ್ಟು ಬದಲಾಗುತ್ತಿತ್ತು. ಕೆಲಸ ಉಳಿದಿದ್ದರೆ ಹಾಡು ಬೆಳೆಯುತ್ತಿತ್ತು, ಹುಳು ಮುಗಿದರೆ ಹೆಣ್ಣುಮಗಳ ಬಾಳೂ ಬೇಗ ಮುಗಿಯುತ್ತಿತ್ತು.

ಒಮ್ಮೆ ಅಣ್ಣ ಟೇಪ್ ರೆಕಾರ್ಡರ್ ಇಟ್ಟು ಅದನ್ನು ಹಿಡಿದಿದ್ದ. ಅರವತ್ತು ನಿಮಿಷದ ಕ್ಯಾಸೆಟ್, ಒಂದು ಬದಿಗೆ ಅರ್ಧ ಗಂಟೆ. ಹೆಣ್ಣುಮಗಳು ಹೊಳೆ ದಾಟುವಲ್ಲಿಗೆ ಆ ಬದಿ ಮುಗಿದಿದೆ. ಮಗುಚಿ ಹಾಕಿದರೆ ಅಲ್ಲಿ ಸಿನಿಮಾ ಹಾಡು.

ಸಿನಿಮಾ ಹಾಡು ಬಂದು ಹಳ್ಳಿಯ ಹಾಡನ್ನು ಕೊಂದಿತು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹಗಲೆಲ್ಲ ರವಿಚಂದ್ರನ್ ಹಾಡು ಗುನುಗಿದವರೇ ರಾತ್ರಿ ಅಜ್ಜಿಗೆ ಸೊಲ್ಲು ಕೊಡುತ್ತಿದ್ದರು. ಹೋದದ್ದು ಆ ರಾತ್ರಿ. ಎಲೆ ಬಿಡಿಸಿ ಹಾಕುತ್ತಿದ್ದ ಕಡೆ ರೆಂಬೆಯನ್ನೇ ಕೊಯ್ದು ಹಾಸುವ ಪದ್ಧತಿ ಬಂತು. ಕೆಲಸ ಹಗುರಾಯಿತು, ಜನ ಕಡಿಮೆ ಸಾಕಾಯಿತು. ನಮ್ಮ ಅಮ್ಮಂದಿರ ಸೊಂಟಕ್ಕೆ ಅದು ದೊಡ್ಡ ಉಪಕಾರ, ಅದನ್ನು ಅಲ್ಲಗಳೆಯಲಾರೆ. ಆದರೆ ಹತ್ತು ಜನ ಒಟ್ಟಿಗೆ ಎಚ್ಚರವಿರಲು ಕಾರಣವೇ ಇಲ್ಲದಾದಾಗ ಅಜ್ಜಿ ಹಾಡುವುದಾದರೂ ಯಾರಿಗೆ?

2023ರಲ್ಲಿ ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರ ತಮಟೆಗೆ ಪದ್ಮಶ್ರೀ ಬಂದ ದಿನ ನನಗೆ ಕಣ್ಣು ತುಂಬಿತ್ತು. ತಮಟೆಯನ್ನು ಹೊಸ್ತಿಲಾಚೆಗೇ ನಿಲ್ಲಿಸಿದ ಊರುಗಳಿವು. ಆ ತಮಟೆಯೇ ರಾಷ್ಟ್ರಪತಿ ಭವನದವರೆಗೆ ನಡೆದು ಹೋಯಿತಲ್ಲ! ಸಂತೋಷದ ನಡುವೆಯೇ ಅಜ್ಜಿಯೂ ನೆನಪಾದಳು.

ಗುರುಪೂರ್ಣಿಮೆಗೆ ಕೈವಾರದಲ್ಲಿ 72 ಗಂಟೆ ನಿಲ್ಲದೆ ಸಂಗೀತ ನಡೆಯುತ್ತದೆ. ಹೆಸರಾಂತ ವಿದ್ವಾಂಸರೂ ಬರುತ್ತಾರೆ, ಹಳ್ಳಿಹಳ್ಳಿಯ ಭಜನೆ ಮಂಡಳಿಗಳೂ ಬರುತ್ತವೆ. ನಾನು ಹೋಗುವುದು ಸರಿರಾತ್ರಿ ಕಳೆದ ಮೇಲೆ. ಹಾಡಿ ಇಳಿದವರನ್ನೆಲ್ಲ ಆ ಹೆಣ್ಣುಮಗಳ ಕಥೆ ಕೇಳುತ್ತೇನೆ. ಒಮ್ಮೆ ಚಿಂತಾಮಣಿ ಕಡೆಯ ಹಿರಿಯರೊಬ್ಬರು ಕ್ಯಾಸೆಟ್ಟಿನಿಂದ ನನ್ನ ಫೋನಿಗೆ ಇಳಿಸಿಕೊಂಡಿದ್ದ ಅಜ್ಜಿಯ ದನಿಯನ್ನು ಕಿವಿಗಿಟ್ಟುಕೊಂಡು ಪೂರ್ತಿ ಕೇಳಿದರು. ‘ಮಟ್ಟು ಗೊತ್ತು, ಮಾತು ನಮ್ಮದಲ್ಲ’ ಅಂದರು. ‘ಹೊಳೆ ದಾಟಿದ ಮೇಲೆ ಏನಾಯಿತು?’ ಎಂದು ಅವರೇ ನನ್ನನ್ನು ಕೇಳಿದರು.